ಕನ್ವರ್ಟರ್ 2.0: ಫ್ರೀಜ್‌ನಿಂದ ರಿಲೀಸ್‌ವರೆಗಿನ ಲಾಗ್

ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಠ್ಯವನ್ನು ಯೂನಿಕೋಡ್‌ಗೆ ತಿರುಗಿಸುವ ಸಣ್ಣ ಪೈಥಾನ್ ಟೂಲ್ ಒಂದನ್ನು ನಾವು ಕೆಲವರು ಸೇರಿ ನೋಡಿಕೊಳ್ಳುತ್ತೇವೆ. ಓಪನ್ ಸೋರ್ಸ್, ಸಂಬಳ ಯಾರಿಗೂ ಇಲ್ಲ, ಎಲ್ಲರೂ ರಾತ್ರಿ ಊಟ ಆದಮೇಲೆ ಕೂರುವವರು. 'ಕನ್ನಡ' ಅಂತ ಟೈಪ್ ಮಾಡಿದ್ದು ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಒಂದು ಇಂಗ್ಲಿಷ್ ಪಿ, ಮಧ್ಯೆ ಒಂದು ಪೌಂಡ್ ಚಿಹ್ನೆ, ಕೊನೆಗೆ ಒಂದು ಕ್ಯೂ ಆಗಿ ಕಾಣುತ್ತದಲ್ಲ, ಆ ಕಾಟ ತಪ್ಪಿಸುವುದೇ ಇದರ ಕೆಲಸ. ಬಳಸುವವರಲ್ಲಿ ಜಾಸ್ತಿ ಜನ ಡಿಟಿಪಿಯವರು, ಸಣ್ಣ ಪ್ರಕಾಶಕರು. ಅವರ ಹತ್ತಿರ ಹಳೆಯ ಪೇಜ್‌ಮೇಕರ್ ಫೈಲುಗಳು ರಾಶಿ ರಾಶಿ ಇವೆ.

2.0 ಈಗಷ್ಟೇ ಹೊರಬಂತು. ಹೊಸ ಫೀಚರ್ ಬರೆದದ್ದಕ್ಕಿಂತ, ಬರೆದದ್ದು ಅಲುಗಾಡದಂತೆ ಹಿಡಿದಿಟ್ಟುಕೊಂಡದ್ದೇ ದೊಡ್ಡ ಕೆಲಸವಾಯಿತು. ಹೊಸ ಫೀಚರ್ ನಿಲ್ಲಿಸಿ ತಪ್ಪು ತಿದ್ದುವುದಷ್ಟೇ ಮಾಡುವ ಈ ಅವಧಿಗೇ ಫ್ರೀಜ್ ಅನ್ನುವುದು. ಮುಂದಿನ ರಿಲೀಸ್‌ಗೆ ಬೇಕಾಗುತ್ತದೆ ಅಂತ ಕ್ರಮವಾಗಿ ಬರೆದಿಡುತ್ತಿದ್ದೇನೆ.

ಹಂತ 1: ಬ್ರಾಂಚ್ ಬೇರೆ ಮಾಡುವುದು

ಮೊದಲ ಜಗಳವೇ ಇದು. ಮೇನ್ ಬ್ರಾಂಚನ್ನೇ (ಎಲ್ಲರ ಕೋಡ್ ಸೇರುವ ಮುಖ್ಯ ಕವಲು) ಫ್ರೀಜ್ ಮಾಡೋದಾ, ಅಥವಾ ರಿಲೀಸ್‌ಗೆ ಬೇರೆ ಬ್ರಾಂಚ್ ತೆಗೆಯೋದಾ? ಲಿನಕ್ಸ್ ಕರ್ನಲ್‌ನಲ್ಲಿ ಎರಡು ವಾರ ಮರ್ಜ್ ವಿಂಡೋ, ಅಂದರೆ ಹೊಸ ಕೋಡ್ ಸೇರಿಸುವ ಅವಧಿ, ತೆರೆದಿರುತ್ತದೆ. ಆಮೇಲೆ ಆರ್‌ಸಿ1, ಅಂದರೆ ರಿಲೀಸ್‌ಗೆ ಮುಂಚಿನ ಮೊದಲ ಪರೀಕ್ಷಾ ಆವೃತ್ತಿ. ಅಲ್ಲಿಂದ ವಾರಕ್ಕೊಂದು ಆರ್‌ಸಿ, ಸಾಮಾನ್ಯವಾಗಿ ಏಳು ಅಥವಾ ಎಂಟರವರೆಗೆ. ಆ ಹೊತ್ತಿನಲ್ಲಿ ಫಿಕ್ಸ್ ಬಿಟ್ಟರೆ ಬೇರೇನೂ ಒಳಗೆ ಬಿಡುವುದಿಲ್ಲ. ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಮ್ ಡೆಬಿಯನ್‌ನವರು ಇನ್ನೂ ನಿಧಾನ. ಡೆಬಿಯನ್ 13 ಬಂದದ್ದು 2025ರ ಆಗಸ್ಟ್ 9ಕ್ಕೆ, ಅದರ ಫ್ರೀಜ್‌ನ ಮೊದಲ ಹಂತ ಶುರುವಾದದ್ದು ಮಾರ್ಚ್‌ನಲ್ಲಿ. ಹಂತ ಹಂತವಾಗಿ ಬಿಗಿ ಮಾಡುತ್ತಾ ಹೋಗುತ್ತಾರೆ.

ನಮ್ಮಂಥ ಸಣ್ಣ ಗುಂಪಿಗೆ ಮೇನ್ ಮುಚ್ಚಿದರೆ ಒಂದು ಕಷ್ಟ ಇದೆ. ಹೊಸದಾಗಿ ಪ್ಯಾಚ್ (ಕೋಡ್ ಬದಲಾವಣೆ) ಕಳಿಸಿದವರು ಕಾದು ಕಾದು ಹೊರಟುಹೋಗುತ್ತಾರೆ. ಹಾಗಾಗಿ ಬೇರೆ ಬ್ರಾಂಚ್ ತೆಗೆದೆವು. ನಿಯಮ ಮೂರೇ:

- ಯಾವ ಫಿಕ್ಸ್ ಆದರೂ ಮೊದಲು ಮೇನ್‌ಗೆ, ಆಮೇಲೆ ಚೆರ್ರಿ-ಪಿಕ್ ಮಾಡಿ (ಆ ಒಂದು ಬದಲಾವಣೆಯನ್ನಷ್ಟೇ ನಕಲಿಸಿ) ರಿಲೀಸ್ ಬ್ರಾಂಚ್‌ಗೆ.
- ಚೆರ್ರಿ-ಪಿಕ್ ಮಾಡುವಾಗ ಮೈನಸ್ ಎಕ್ಸ್ ಆಯ್ಕೆ ಹಾಕಲೇಬೇಕು. ಮೂಲ ಕಮಿಟ್‌ನ (ಕೋಡ್‌ನ ಇತಿಹಾಸ ಇಡುವ ಗಿಟ್‌ನಲ್ಲಿ ದಾಖಲಾದ ಬದಲಾವಣೆಯ) ನಂಬರ್ ಮೆಸೇಜ್‌ನಲ್ಲೇ ಉಳಿಯುತ್ತದೆ.
- ಫಿಕ್ಸ್ ಜೊತೆ ಅದನ್ನು ಹಿಡಿಯುವ ಟೆಸ್ಟ್ ಇಲ್ಲದಿದ್ದರೆ ರಿಲೀಸ್ ಬ್ರಾಂಚ್‌ಗೆ ಪ್ರವೇಶ ಇಲ್ಲ.

ಎರಡನೆಯದು ತೀರಾ ಸಣ್ಣ ವಿಷಯ ಅನ್ನಿಸಬಹುದು. ಆದರೆ 'ಈ ಫಿಕ್ಸ್ ಎರಡೂ ಕಡೆ ಇದೆಯಾ?' ಅಂತ ಹುಡುಕುವಾಗ ಇದೊಂದೇ ಆಸರೆ.

ಹಂತ 2: ಹಳೆಯದರ ಪಕ್ಕ ಹೊಸದು

ಯೂನಿಟ್ ಟೆಸ್ಟ್‌ಗಳೆಲ್ಲ ಹಸಿರಾಗಿದ್ದವು, ಅಂದರೆ ಪಾಸಾಗಿದ್ದವು. ಅದನ್ನು ನಂಬಿ ಕೂರುವ ಹಾಗಿಲ್ಲ, ಟೆಸ್ಟ್ ಬರೆದವರಿಗೆ ಹೊಳೆದಷ್ಟೇ ಅದರಲ್ಲಿರುತ್ತದೆ. ನಿಜವಾಗಿ ಉಪಯೋಗಕ್ಕೆ ಬಂದದ್ದು ಬೇರೆ ಉಪಾಯ. ಹಳೆಯ ಫಾಂಟ್‌ನಲ್ಲಿರುವ ದೊಡ್ಡ ಪಠ್ಯ ರಾಶಿ ಒಂದನ್ನು ಕೂಡಿಟ್ಟುಕೊಂಡೆವು. ವಚನಗಳು, ಆಮಂತ್ರಣ ಪತ್ರಿಕೆಗಳು, ಒಂದಿಷ್ಟು ಶಾಲಾ ಪ್ರಶ್ನೆಪತ್ರಿಕೆಗಳು. ಅದನ್ನೇ ಹಳೆಯ 1.6ಕ್ಕೂ ಕೊಡುವುದು, ಹೊಸ ಬ್ರಾಂಚ್‌ಗೂ ಕೊಡುವುದು. ಎರಡರ ಫಲಿತಾಂಶಕ್ಕೆ ಡಿಫ್ ಹಾಕುವುದು, ಅಂದರೆ ಬೇರೆಯಾದ ಸಾಲುಗಳನ್ನು ಪಟ್ಟಿ ಮಾಡಿಸುವುದು. ಬದಲಾದ ಪ್ರತಿ ಸಾಲಿಗೂ 'ಇದು ನಾವು ಬೇಕಂತಲೇ ಮಾಡಿದ್ದು' ಅಥವಾ 'ಇದು ಬಗ್' ಅಂತ ಚೀಟಿ ಅಂಟಿಸಬೇಕು. ಮಧ್ಯದ ಉತ್ತರಕ್ಕೆ ಜಾಗ ಇಲ್ಲ.

ಮೊದಲ ಸಲ ಓಡಿಸಿದಾಗ ಡಿಫ್ ಸಾವಿರಾರು ಸಾಲು ಬಂತು. ಕೆಂಪು ಸಾಲು, ಹಸಿರು ಸಾಲು, ಎರಡೂ ಕಣ್ಣಿಗೆ ಒಂದೇ! 'ಕೋಟೆ' ಹೋಗಿ 'ಕೋಟೆ' ಬಂದಿದೆ ಅಂತ ತೋರಿಸುತ್ತಿತ್ತು.

ಕಾರಣ ಸಿಕ್ಕಿದ್ದು ಕೋಡ್ ಪಾಯಿಂಟ್‌ಗಳನ್ನು (ಯೂನಿಕೋಡ್ ಪ್ರತಿ ಗುರುತಿಗೂ ಕೊಟ್ಟ ಸಂಖ್ಯೆ) ಒಂದೊಂದಾಗಿ ಹೆಸರು ಹಿಡಿದು ಪ್ರಿಂಟ್ ಮಾಡಿದಾಗ. 'ಕೋ' ಬರೆಯಲು ಯೂನಿಕೋಡ್‌ನಲ್ಲಿ ಒಂದಕ್ಕಿಂತ ಹೆಚ್ಚು ದಾರಿ ಇದೆ. ಕ ಆದಮೇಲೆ ಓತ್ವದ ಒಂದೇ ಗುರುತು ಹಾಕಬಹುದು. ಇಲ್ಲವೇ ಎತ್ವ, ಅದರ ಮುಂದೆ ಊಕಾರದ ಕೊಂಬು, ಅದರ ಮುಂದೆ ದೀರ್ಘದ ಗುರುತು ಅಂತ ಮೂರು ತುಂಡಾಗಿ ಹಾಕಬಹುದು. ತೆರೆಯ ಮೇಲೆ ಎರಡೂ ಒಂದೇ ರೂಪ. 1.6 ತುಂಡುಗಳನ್ನು ಹಾಗೆಯೇ ಬಿಡುತ್ತಿತ್ತು. 2.0 ಅವನ್ನು ಕೂಡಿಸುತ್ತದೆ, ಎನ್‌ಎಫ್‌ಸಿ ಅನ್ನುವ ಯೂನಿಕೋಡ್‌ನ ಪ್ರಮಾಣ ರೂಪಕ್ಕೆ ತರುತ್ತದೆ (ಇದೇ ನಾರ್ಮಲೈಸೇಶನ್). ಇದು ಬೇಕಂತಲೇ ಮಾಡಿದ ಬದಲಾವಣೆ.

ಡಿಫ್‌ಗೆ ಕೊಡುವ ಮೊದಲು ಎರಡೂ ಬದಿಯನ್ನು ಎನ್‌ಎಫ್‌ಸಿಗೆ ತಂದೆವು, ಗದ್ದಲ ಇಳಿಯಿತು. ಆದರೆ ಹೀಗೆ ಮಾಡಿದರೆ ನಮ್ಮ ನಾರ್ಮಲೈಸೇಶನ್ನೇ ಕೆಟ್ಟರೂ ಡಿಫ್‌ನಲ್ಲಿ ಕಾಣುವುದಿಲ್ಲ, ಅಲ್ವಾ? ಅದಕ್ಕೇ ಬೇರೆ ಟೆಸ್ಟ್ ಒಂದನ್ನು ಇಟ್ಟೆವು. ಟೂಲ್‌ನಿಂದ ಹೊರಬಂದ ಪಠ್ಯ ಆಗಲೇ ಎನ್‌ಎಫ್‌ಸಿ ರೂಪದಲ್ಲಿದೆಯಾ ಅಂತ ನೋಡುವುದಷ್ಟೇ ಅದರ ಕೆಲಸ. ಪೈಥಾನ್ 3.8ರಿಂದ ಇದಕ್ಕೆ ಸಿದ್ಧ ಫಂಕ್ಷನ್ನೇ ಇದೆ.

ಇನ್ನೊಂದು ಮಾತು. ಕನ್ನಡದ ಡಿಫ್ ಅನ್ನು ಟರ್ಮಿನಲ್‌ನಲ್ಲಿ ನೋಡಬೇಡಿ. ಬಹಳ ಟರ್ಮಿನಲ್‌ಗಳು ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವುದಿಲ್ಲ. ಎಲ್ಲ ಸಾಲೂ ಕೆಟ್ಟಂತೆ ಕಾಣುವಾಗ ನಿಜವಾಗಿ ಕೆಟ್ಟದ್ದು ಎಲ್ಲಿ ಅಂತ ಹುಡುಕುತ್ತೀರಿ? ನಾವು ಡಿಫ್ ಅನ್ನು ಎಚ್‌ಟಿಎಂಎಲ್ ಮಾಡಿ ಬ್ರೌಸರ್‌ನಲ್ಲಿ ತೆರೆದೆವು. ಕೊನೆಯಲ್ಲಿ ಉಳಿದ ಪುಟಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ಪುಟಕ್ಕೆ ₹2 ಕೊಟ್ಟು ಪ್ರಿಂಟ್ ತೆಗೆಸಿ ಪೆನ್ಸಿಲ್ ಹಿಡಿದು ಓದಿದೆವು. ಕಾಗದದ ಮೇಲೆ ತಪ್ಪು ಬೇಗ ಸಿಗುತ್ತದೆ.

ಹಂತ 3: ರ‍್ಯಾಂಕ್ ಎಲ್ಲಿ ಹೋಯಿತು?

ಗದ್ದಲ ಕಳೆದಮೇಲೆ ಉಳಿದ ಡಿಫ್‌ನಲ್ಲಿ ಸಿಕ್ಕಿದ್ದು ಇದು. ಪ್ರಶ್ನೆಪತ್ರಿಕೆ ಒಂದರಲ್ಲಿ 'ರ‍್ಯಾಂಕ್' ಅಂತ ಇರಬೇಕಾದ ಕಡೆ 'ರ್ಯಾಂಕ್' ಬಂದಿತ್ತು. ಮೊದಲನೆಯದರಲ್ಲಿ ರ ಅಕ್ಷರಕ್ಕೆ ಯ ಒತ್ತು. ಎರಡನೆಯದರಲ್ಲಿ ಯ ಅಕ್ಷರಕ್ಕೆ ಅರ್ಕಾವತ್ತು. 'ಸೂರ್ಯ'ದಲ್ಲಿ ಅರ್ಕಾವತ್ತು ಸರಿ, ರ‍್ಯಾಂಕ್‌ನಲ್ಲಿ ಅಲ್ಲ. ಇನ್ನಷ್ಟು ಹುಡುಕಿದರೆ 'ರಾಜ್‌ಕುಮಾರ್' ಕೂಡ 'ರಾಜ್ಕುಮಾರ್' ಆಗಿದ್ದಾರೆ. ಇದನ್ನು ಹೀಗೇ ರಿಲೀಸ್ ಮಾಡಿದ್ದರೆ ಜನ ಸುಮ್ನೆ ಬಿಡುತ್ತಿದ್ದರಾ?

ಎರಡಕ್ಕೂ ಒಂದೇ ರೋಗ. ಇಲ್ಲಿ ಕಣ್ಣಿಗೆ ಕಾಣದ ಅಕ್ಷರಗಳಿವೆ. ರ‍್ಯಾಂಕ್‌ನಲ್ಲಿ ರ ಆದಮೇಲೆ ಜೀರೋ ವಿಡ್ತ್ ಜಾಯ್ನರ್, ಆಮೇಲೆ ಹಲಂತ, ಆಮೇಲೆ ಯ. ರಾಜ್‌ಕುಮಾರ್‌ನಲ್ಲಿ ಜ್ ಆದಮೇಲೆ ನಾನ್-ಜಾಯ್ನರ್. ಅವೆರಡನ್ನೂ ಯಾರೋ ಗುಡಿಸಿ ಹಾಕಿದ್ದಾರೆ.

ಯಾವ ಕಮಿಟ್? ಗಿಟ್ ಬೈಸೆಕ್ಟ್ ಇರುವುದೇ ಇದಕ್ಕೆ. ಸರಿಯಿದ್ದ ಜಾಗ 1.6 ಟ್ಯಾಗ್, ಕೆಟ್ಟ ಜಾಗ ಈಗಿನ ತುದಿ. ಮಧ್ಯದಲ್ಲಿ ನೂರು ಕಮಿಟ್ ಇದ್ದರೂ ಏಳು ಹೆಜ್ಜೆಗೆ ಮುಗಿಯುತ್ತದೆ, ಪ್ರತಿ ಹೆಜ್ಜೆಗೂ ಅರ್ಧ ಕಡಿಮೆ. ಕೈಯಲ್ಲಿ ಮಾಡುವ ಬದಲು ಬೈಸೆಕ್ಟ್ ರನ್‌ಗೆ ಸಣ್ಣ ಸ್ಕ್ರಿಪ್ಟ್ ಕೊಟ್ಟೆವು. ರ‍್ಯಾಂಕ್ ಸರಿ ಬಂದರೆ ಸ್ಕ್ರಿಪ್ಟ್ ಸೊನ್ನೆ ಹಿಂತಿರುಗಿಸಬೇಕು, ಕೆಟ್ಟರೆ ಒಂದು.

ಮೊದಲ ಓಟ ತಪ್ಪು ಕಮಿಟ್ ತೋರಿಸಿತು. ಅದು ಬರೀ ರೀಡ್‌ಮಿ (ವಿವರಣೆಯ ಫೈಲ್) ಬದಲಾಯಿಸಿದ ಕಮಿಟ್! ಆಗಿದ್ದೇನು ಅಂದರೆ, ಮಧ್ಯದ ಕೆಲವು ಕಮಿಟ್‌ಗಳಲ್ಲಿ ಟೂಲ್ ಇನ್‌ಸ್ಟಾಲ್ಲೇ ಆಗುತ್ತಿರಲಿಲ್ಲ. ಇನ್‌ಸ್ಟಾಲ್ ಫೇಲ್ ಆದದ್ದನ್ನೂ ಸ್ಕ್ರಿಪ್ಟ್ 'ಕೆಟ್ಟದ್ದು' ಅಂತ ಲೆಕ್ಕ ಹಾಕಿತು. ಇಂಥ ಕಮಿಟ್‌ಗೆ 125 ಹಿಂತಿರುಗಿಸಬೇಕು. ಬೈಸೆಕ್ಟ್‌ಗೆ 125 ಅಂದರೆ 'ಇದನ್ನು ಬಿಟ್ಟು ಪಕ್ಕದ್ದು ನೋಡು' ಅಂತ. ಆ ಒಂದು ಸಾಲು ಸೇರಿಸಿದಮೇಲೆ ಸರಿಯಾದ ಜಾಗ ಸಿಕ್ಕಿತು.

ಕಮಿಟ್‌ನ ಹೆಸರು 'ಸಣ್ಣ ಕ್ಲೀನಪ್'. ಬರೆದವರ ಉದ್ದೇಶವೂ ಒಳ್ಳೆಯದೇ. ಈ ಕಾಣದ ಅಕ್ಷರಗಳಿದ್ದರೆ ವೆಬ್‌ಸೈಟ್‌ನ ಹುಡುಕಾಟದಲ್ಲಿ ಪದ ಸಿಗುವುದಿಲ್ಲ ಅಂತ ತೆಗೆದಿದ್ದರು. ಹುಡುಕಾಟಕ್ಕೆ ತೆಗೆಯುವುದು ಸರಿ, ಓದುವ ಪಠ್ಯದಿಂದ ತೆಗೆಯುವಂತಿಲ್ಲ. ರಿವ್ಯೂ ಮಾಡಿದವರಿಗೂ ಗೊತ್ತಾಗಿರಲಿಲ್ಲ, ಯಾಕೆಂದರೆ ನಮ್ಮ ಟೆಸ್ಟ್‌ಗಳಲ್ಲಿ ಈ ಎರಡು ಅಕ್ಷರ ಇರುವ ಒಂದು ಪದವೂ ಇರಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ರಿಲೀಸ್ ಹತ್ತಿರ ಬಂದಾಗ ಹೆದರಬೇಕಾದದ್ದು ದೊಡ್ಡ ಪ್ಯಾಚ್‌ಗೆ ಅಲ್ಲ. ಅದನ್ನು ನಾಲ್ಕು ಜನ ಓದಿರುತ್ತಾರೆ. 'ಸಣ್ಣ', 'ಕ್ಲೀನಪ್', 'ಬರೀ' ಅಂತ ಶುರುವಾಗುವ ಪ್ಯಾಚ್‌ಗಳಿಗೆ ಹೆದರಬೇಕು.

ತಿದ್ದುವುದಾ, ಹಿಂದಕ್ಕೆ ತೆಗೆಯುವುದಾ? ಫ್ರೀಜ್‌ನಲ್ಲಿ ಉತ್ತರ ಒಂದೇ, ರಿವರ್ಟ್. ತಿದ್ದುವುದು ಅಂದರೆ ಇನ್ನೊಂದು ಹೊಸ ಕೋಡ್. ಅದು ಎರಡು ಬ್ರಾಂಚ್ ಕೂಡಿಸಿದ ಮರ್ಜ್ ಕಮಿಟ್ ಆಗಿದ್ದರಿಂದ ರಿವರ್ಟ್‌ಗೆ ಮೈನಸ್ ಎಂ ಒಂದು ಕೊಡಬೇಕಾಯಿತು, ಯಾವ ಕಡೆಯನ್ನು ಉಳಿಸಿಕೊಳ್ಳಬೇಕು ಅಂತ ಹೇಳಲು. ಇಲ್ಲೊಂದು ಗುಂಡಿ ಇದೆ, ನೆನಪಿಡಿ. ಹೀಗೆ ರಿವರ್ಟ್ ಮಾಡಿದ ಬ್ರಾಂಚನ್ನು ಆಮೇಲೆ ಸರಿಪಡಿಸಿ ಮತ್ತೆ ಮರ್ಜ್ ಮಾಡಿದರೆ ಹಳೆಯ ಕಮಿಟ್‌ಗಳು ಬರುವುದಿಲ್ಲ. ಅವು ಆಗಲೇ ಒಳಗಿವೆ ಅಂತ ಗಿಟ್ ತಿಳಿದಿರುತ್ತದೆ. ಮೊದಲು ರಿವರ್ಟನ್ನೇ ರಿವರ್ಟ್ ಮಾಡಬೇಕು, ಆಮೇಲೆ ಹೊಸ ತಿದ್ದುಪಡಿ.

ಹಂತ 4: ಮೂಡ್ ಬಂದಾಗ ಫೇಲ್ ಆಗುವ ಟೆಸ್ಟ್

ಒಂದು ಟೆಸ್ಟ್ ಒಮ್ಮೆ ಹಸಿರು, ಒಮ್ಮೆ ಕೆಂಪು. ಎಲ್ಲರೂ 'ರೀರನ್' ಬಟನ್ ಒತ್ತಿ ಮುಂದೆ ಹೋಗುತ್ತಿದ್ದರು. ಫ್ರೀಜ್ ಶುರುವಾದಮೇಲೆ ರೀರನ್ ನಿಷೇಧಿಸಿದೆವು. ಕೆಂಪು ಬಂದರೆ ಕಾರಣ ಬರೆಯಬೇಕು.

ಬಗ್ ಟೆಸ್ಟ್‌ನಲ್ಲಿರಲಿಲ್ಲ, ಕೋಡ್‌ನಲ್ಲೇ ಇತ್ತು. ಹಳೆಯ ಫಾಂಟ್‌ನಲ್ಲಿ ಮ ಅಕ್ಷರಕ್ಕೆ ಸ್ವಂತ ಕೋಡ್ ಇಲ್ಲ. ವ ಬರೆದು, ಮುಂದೆ ಬಾಲದಂಥ ಒಂದು ಗುರುತು ಸೇರಿಸಿದರೆ ಮ. ಹಾಗಾಗಿ ತಿರುಗಿಸುವಾಗ ಉದ್ದದ ನಿಯಮ ಮೊದಲು ನಡೆಯಬೇಕು, ಗಿಡ್ಡದ್ದು ಆಮೇಲೆ. ಉಲ್ಟಾ ಆದರೆ 'ಮರ' ಅನ್ನುವುದು 'ವರ' ಆಗಿ, ಮಧ್ಯೆ ಒಂದು ಕಸದ ಗುರುತು ಉಳಿಯುತ್ತದೆ. ಇಂಥ ತುಂಡು ಅಕ್ಷರಗಳಿಗೆ ಒಂದು ಸಣ್ಣ ಪಟ್ಟಿ ಬೇರೆ ಇದೆ. ಅದರಲ್ಲಿ ಎರಡೆರಡು ಸಲ ಬಂದ ನಿಯಮಗಳನ್ನು ತೆಗೆಯಲು ಒಂದು ಪ್ಯಾಚ್ ಆ ಪಟ್ಟಿಯನ್ನು ಪೈಥಾನ್‌ನ 'ಸೆಟ್' ಆಗಿ ಬದಲಾಯಿಸಿತ್ತು. ಸೆಟ್‌ಗೆ ಕ್ರಮ ಇಲ್ಲ. ಪೈಥಾನ್ 3.3ರಿಂದ ಸ್ಟ್ರಿಂಗ್‌ಗಳ (ಪಠ್ಯದ) ಹ್ಯಾಶ್, ಅಂದರೆ ಸೆಟ್‌ನಲ್ಲಿ ಜಾಗ ನಿರ್ಧರಿಸುವ ಸಂಖ್ಯೆ, ಪ್ರತಿ ಓಟಕ್ಕೂ ಬೇರೆ ಬೇರೆ, ಆದ್ದರಿಂದ ಕ್ರಮವೂ ಪ್ರತಿ ಸಲ ಬೇರೆ.

ಆ ಹ್ಯಾಶ್ ಹೇಗೆ ಬರಬೇಕು ಅಂತ ನಿಗದಿ ಮಾಡುವ ಪೈಥಾನ್ ಹ್ಯಾಶ್ ಸೀಡ್ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಒಂದಾದಮೇಲೊಂದು ಸಂಖ್ಯೆ ಕೊಟ್ಟು ಅದೇ ಟೆಸ್ಟನ್ನು ಲೂಪ್‌ನಲ್ಲಿ ಓಡಿಸಿದೆವು. ಹೆಚ್ಚುಕಮ್ಮಿ ಅರ್ಧದಷ್ಟು ಸೀಡ್‌ಗಳಲ್ಲಿ ಕೆಂಪು. ಒಂದು ಕೆಟ್ಟ ಸೀಡ್ ಹಿಡಿದಿಟ್ಟುಕೊಂಡರೆ ಬಗ್ ಪ್ರತಿ ಸಲವೂ ತಪ್ಪದೇ ಬರುತ್ತದೆ, ಹಿಡಿಯುವುದು ಸುಲಭ. ಸೆಟ್ ತೆಗೆದು ಡಿಕ್ಷನರಿ ಬಳಸಿದೆವು. 3.7ರಿಂದ ಅದು ಕ್ರಮ ಉಳಿಸಿಕೊಳ್ಳುತ್ತದೆ. ಅದರ ಮೇಲೆ ಉದ್ದದ ಪ್ರಕಾರ ಸಾರ್ಟ್ ಕೂಡ ಹಾಕಿದೆವು. ಈ ಬಗ್ ಹಾಗೇ ಹೊರಗೆ ಹೋಗಿದ್ದರೆ, ಅದೇ ಫೈಲ್ ಅದೇ ಕಂಪ್ಯೂಟರ್‌ನಲ್ಲಿ ಬೆಳಿಗ್ಗೆ ಸರಿ, ಮಧ್ಯಾಹ್ನ ತಪ್ಪು. ಬಳಸುವವರು ದೂರು ಹೇಳಿದರೂ ನಾವೇ ನಂಬುತ್ತಿರಲಿಲ್ಲ.

ಹಂತ 5: ವಿಂಡೋಸ್

ನಾವೆಲ್ಲ ಲಿನಕ್ಸ್‌ನಲ್ಲಿ ಬರೆಯುವವರು, ಬಳಸುವವರು ವಿಂಡೋಸ್‌ನವರು. ಸಿಐಯಲ್ಲಿ (ಪ್ರತಿ ಬದಲಾವಣೆಗೂ ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ವ್ಯವಸ್ಥೆ) ವಿಂಡೋಸ್ ಸೇರಿಸಿದ್ದೇ ತಡ, ದೂರು ಬಂತು. ತೆರೆಯ ಮೇಲೆ ಪ್ರಿಂಟ್ ಮಾಡಿದರೆ ಕನ್ನಡ ಸರಿಯಾಗಿ ಬರುತ್ತದೆ. ಅದೇ ಔಟ್‌ಪುಟ್ಟನ್ನು ಫೈಲಿಗೆ ತಿರುಗಿಸಿದರೆ 'ಚಾರ್‌ಮ್ಯಾಪ್' ಎರರ್. ಕನ್ಸೋಲ್‌ಗೆ ಪೈಥಾನ್ ಯೂನಿಕೋಡ್ ಬಳಸುತ್ತದೆ. ಫೈಲಿಗೆ ಹೋದರೆ ಸಿಸ್ಟಮ್‌ನ ಕೋಡ್ ಪೇಜ್ (ಅಕ್ಷರಗಳ ಹಳೆಯ ಸಂಖ್ಯಾಪಟ್ಟಿ), ಅಂದರೆ ಸಾಮಾನ್ಯವಾಗಿ ಸಿಪಿ1252. ಅದರಲ್ಲಿ ಕನ್ನಡ ಇಲ್ಲವೇ ಇಲ್ಲ.

ಪೈಥಾನ್ 3.10ರಿಂದ ಎನ್‌ಕೋಡಿಂಗ್ ಹೇಳದೇ ಫೈಲ್ ತೆರೆದ ಕಡೆಯಲ್ಲೆಲ್ಲ ಎಚ್ಚರಿಕೆ ಕೊಡುವ ಆಯ್ಕೆ ಇದೆ. ಅದನ್ನು ಹಾಕಿ ಓಡಿಸಿದರೆ ಪಟ್ಟಿಯೇ ಸಿಕ್ಕಿತು. ಎಲ್ಲ ಕಡೆ ಯುಟಿಎಫ್-8 (ಯೂನಿಕೋಡ್‌ನ ಎನ್‌ಕೋಡಿಂಗ್) ಅಂತ ತುಂಬಿದೆವು. ಸಿಐ ಹಸಿರಾಯಿತು. ಆಹಾ!

ಆಮೇಲೆ ನಿಜವಾದ ಹಳೆಯ ಫೈಲ್ ಕೊಟ್ಟರೆ ಟೂಲ್ ತೆರೆಯುವುದೇ ಇಲ್ಲ. ಹಳೆಯ ಫಾಂಟ್‌ನ ಟೆಕ್ಸ್ಟ್ ಫೈಲ್ ಇರುವುದೇ ಸಿಪಿ1252ರಲ್ಲಿ. ಅದರ ಬೈಟ್‌ಗಳನ್ನು ಯುಟಿಎಫ್-8 ಅಂತ ಓದಲು ಹೋದರೆ ಮೊದಲ ಕೆಲವು ಅಕ್ಷರದಲ್ಲೇ ಬೀಳುತ್ತದೆ. ಇಷ್ಟು ವರ್ಷ ಓದುವ ಫಂಕ್ಷನ್‌ನಲ್ಲಿ ಎನ್‌ಕೋಡಿಂಗ್ ಬರೆದೇ ಇರಲಿಲ್ಲ. ವಿಂಡೋಸ್‌ನ ಡೀಫಾಲ್ಟ್ ಅದೇ ಆಗಿದ್ದರಿಂದ ಅದೃಷ್ಟದ ಮೇಲೆ ಓಡುತ್ತಿತ್ತು. ನಮ್ಮ ಟೆಸ್ಟ್‌ಗಳು ಫೈಲ್ ಓದದೆ ನೇರವಾಗಿ ಸ್ಟ್ರಿಂಗ್ ಕೊಡುತ್ತಿದ್ದವು, ಹಾಗಾಗಿ ಸಿಐಗೆ ಇದರ ವಾಸನೆಯೂ ಬಡಿಯಲಿಲ್ಲ.

ಈಗ ಒಳಗೆ ಬರುವುದು ಸಿಪಿ1252, ಹೊರಗೆ ಹೋಗುವುದು ಯುಟಿಎಫ್-8, ಎರಡನ್ನೂ ಕೋಡ್‌ನಲ್ಲೇ ಬರೆದಿದ್ದೇವೆ. ಪೈಥಾನ್ 3.15ರಲ್ಲಿ ಡೀಫಾಲ್ಟ್ ಎಲ್ಲ ಕಡೆ ಯುಟಿಎಫ್-8 ಆಗಲಿದೆ. ಆ ಅದೃಷ್ಟ ಹೇಗೂ ಅಲ್ಲಿಗೆ ಮುಗಿಯುತ್ತಿತ್ತು. ಟೆಸ್ಟ್ ಫೋಲ್ಡರ್‌ಗೆ ಹಳೆಯ ಫಾಂಟ್‌ನ ನಿಜವಾದ ಫೈಲ್‌ಗಳನ್ನು ಬೈಟ್ ಬದಲಾಗದಂತೆ ಸೇರಿಸಿದೆವು. ಗಿಟ್‌ಗೆ ಅವು ಬೈನರಿ ಅಂತ ಹೇಳಿಡಬೇಕು, ಇಲ್ಲದಿದ್ದರೆ ವಿಂಡೋಸ್‌ನಲ್ಲಿ ಸಾಲಿನ ಕೊನೆಗಳನ್ನು ತಿದ್ದಿಬಿಡಬಹುದು.

ಹಂತ 6: ಆರ್‌ಸಿ1, ಆರ್‌ಸಿ2

ಆರ್‌ಸಿ1 ಅನ್ನು ಮೊದಲು ಟೆಸ್ಟ್ ಪೈಪಿಐಗೆ (ಪೈಥಾನ್ ಪ್ಯಾಕೇಜ್‌ಗಳ ಭಂಡಾರವಾದ ಪೈಪಿಐಯ ಪ್ರಯೋಗದ ಜಾಗ) ಏರಿಸಿದೆವು. ಖಾಲಿ ಫೋಲ್ಡರ್‌ನಲ್ಲಿ ಹೊಸ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿ ಇನ್‌ಸ್ಟಾಲ್ ಮಾಡಿದರೆ, ಅಕ್ಷರಗಳ ಪಟ್ಟಿಯ ಫೈಲೇ ಪ್ಯಾಕೇಜ್‌ನಲ್ಲಿ ಇಲ್ಲ. ರೆಪೊ (ಕೋಡ್ ಇರುವ ಫೋಲ್ಡರ್) ಒಳಗೆ ನಿಂತು ಟೆಸ್ಟ್ ಓಡಿಸಿದರೆ ಇದು ಎಂದೂ ಸಿಗುವುದಿಲ್ಲ. ಪೈಥಾನ್ ಎದುರಿಗಿರುವ ಫೋಲ್ಡರ್‌ನ ಕೋಡನ್ನೇ ಎತ್ತಿಕೊಳ್ಳುತ್ತದೆ, ಇನ್‌ಸ್ಟಾಲ್ ಆದದ್ದನ್ನಲ್ಲ. ಅಡುಗೆಮನೆಯಲ್ಲೇ ನಿಂತು ರುಚಿ ನೋಡಿದಂತೆ, ಡಬ್ಬಿಗೆ ತುಂಬಿದ್ದು ಏನು ಅಂತ ಗೊತ್ತೇ ಆಗುವುದಿಲ್ಲ. ಕೋಡ್ ಅನ್ನು ಎಸ್‌ಆರ್‌ಸಿ ಫೋಲ್ಡರ್ ಒಳಗೆ ಸರಿಸಿ, ಸಿಐಯಲ್ಲಿ ವೀಲ್ ಫೈಲ್ (ಇನ್‌ಸ್ಟಾಲ್ ಆಗುವ ಪ್ಯಾಕೇಜ್) ಕಟ್ಟಿ ಅದರ ಮೇಲೆ ಟೆಸ್ಟ್ ಓಡಿಸುವಂತೆ ಮಾಡಿದೆವು. ಫ್ರೀಜ್‌ನಲ್ಲಿ ಫೋಲ್ಡರ್ ಸರಿಸುವುದು ನಿಯಮಕ್ಕೆ ಹತ್ತಿರದ ವಿಷಯವಲ್ಲ, ಚರ್ಚೆಯೂ ಆಯಿತು. ಆದರೆ ಫೈಲ್ ಇಲ್ಲದ ಪ್ಯಾಕೇಜ್ ಕಳಿಸುವುದಕ್ಕಿಂತ ವಾಸಿ.

ನಾವು ಬಳಸುವ ಒಂದು ಲೈಬ್ರರಿ ಇದೇ ಸಮಯಕ್ಕೆ ಹೊಸ ಆವೃತ್ತಿ ತಂದು ಒಂದು ಫಂಕ್ಷನ್ ಕಿತ್ತುಹಾಕಿತು. ಅದರ ಆವೃತ್ತಿಗೆ ಮೇಲಿನ ಮಿತಿ ಹಾಕಿ ಮುಂದೆ ಹೋದೆವು. ಸಿಐಗೆ ಮಾತ್ರ ಎಲ್ಲ ಆವೃತ್ತಿಗಳನ್ನು ಲಾಕ್ ಮಾಡಿದ ಫೈಲ್ ಇಟ್ಟೆವು. ನಮ್ಮ ಕೋಡ್ ಬದಲಾಗದೆ ಸಿಐ ಕೆಂಪಾದರೆ ರಾತ್ರಿಯೆಲ್ಲ ಹಾಳು.

ಆರ್‌ಸಿ2 ಅಸಲಿ ಪೈಪಿಐಗೆ ಹೋಯಿತು. ಆಮೇಲೆ ಮೌನ. ಯಾರೂ ದೂರು ಹೇಳಲಿಲ್ಲ ಅಂದರೆ ಸರಿಯಿದೆ ಅಂತಲ್ಲ, ಯಾರೂ ಹಾಕಿಕೊಂಡಿಲ್ಲ ಅಂತ. ಪೈಥಾನ್ ಪ್ಯಾಕೇಜ್ ಇನ್‌ಸ್ಟಾಲ್ ಮಾಡುವ ಪಿಪ್‌ಗೆ ಪ್ರೀ ಆಯ್ಕೆ ಕೊಡದಿದ್ದರೆ ಅದು ಸಾಮಾನ್ಯವಾಗಿ ಆರ್‌ಸಿಯನ್ನು ಮುಟ್ಟುವುದಿಲ್ಲ. ಡಿಟಿಪಿಯವರಿಗೆ ಪಿಪ್ ಅಂದರೇನು ಅಂತಲೇ ಗೊತ್ತಿರಬೇಕಿಲ್ಲ. ಪರಿಚಯದ ಡಿಟಿಪಿಯವರೊಬ್ಬರ ಅಂಗಡಿಗೆ ಹೋಗಿ, ಅವರ ಕಂಪ್ಯೂಟರ್‌ನಲ್ಲೇ ಹಾಕಿಕೊಟ್ಟು, ಅವರ ಹಳೆಯ ಕೆಲಸಗಳನ್ನು ತಿರುಗಿಸಿ ನೋಡಿದೆವು. ಅಲ್ಲಿ ಸಿಕ್ಕ ತೊಂದರೆ ಒಂದು. ನೋಟ್‌ಪ್ಯಾಡ್‌ನಲ್ಲಿ ಯೂನಿಕೋಡ್ ಆಗಿ ಉಳಿಸಿದ ಫೈಲನ್ನೂ ಅವರು ಅದೇ ಟೂಲ್‌ಗೆ ಕೊಡುತ್ತಾರೆ. ಟೂಲ್ ಅದನ್ನು ಹಳೆಯ ಫಾಂಟ್ ಅಂತ ತಿಳಿದು ಇದ್ದ ಕನ್ನಡವನ್ನೂ ಹಾಳು ಮಾಡುತ್ತಿತ್ತು. ಈಗ ಫೈಲ್‌ನಲ್ಲಿ ಆಗಲೇ ಕನ್ನಡ ಯೂನಿಕೋಡ್ ಕಂಡರೆ ಟೂಲ್ ನಿಂತು ಕೇಳುತ್ತದೆ. ಸಿಐ ಎಷ್ಟೇ ಇದ್ದರೂ ಇದು ಹೊಳೆಯುತ್ತಿರಲಿಲ್ಲ.

ಹಂತ 7: ಬೇಡ ಅಂದದ್ದು

ಈ ಮಧ್ಯೆ ಒಂದು ಒಳ್ಳೆಯ ಪುಲ್ ರಿಕ್ವೆಸ್ಟ್ (ಕೋಡ್ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಬಂತು. ವರ್ಡ್ ಫೈಲನ್ನೇ ನೇರವಾಗಿ ತಿರುಗಿಸುವುದು. ಎಲ್ಲರೂ ಕೇಳುತ್ತಿದ್ದ ಫೀಚರ್. ಟೆಸ್ಟ್ ಕೂಡ ಇತ್ತು. 'ಇಷ್ಟು ಚೆನ್ನಾಗಿದೆ, ಸೇರಿಸಿಬಿಡೋಣ' ಅಂತ ನಮ್ಮಲ್ಲೇ ಎಳೆದಾಟ ನಡೆಯಿತು. ಮೇನ್‌ಗೆ ಅವತ್ತೇ ಮರ್ಜ್ ಮಾಡಿದೆವು, ರಿಲೀಸ್ ಬ್ರಾಂಚ್‌ಗೆ ಇಲ್ಲ ಅಂದೆವು. ಕಳಿಸಿದವರಿಗೆ ಕಾರಣ ವಿವರವಾಗಿ ಬರೆದೆವು, 2.1ರಲ್ಲಿ ಬರುತ್ತದೆ ಅಂತಲೂ ಹೇಳಿದೆವು. ಬ್ರಾಂಚ್ ಬೇರೆ ಮಾಡಿದ್ದರ ಲಾಭ ಇಲ್ಲೇ ಕಂಡದ್ದು. ಮೇನ್ ಮುಚ್ಚಿದ್ದರೆ 'ಕಾಯಿರಿ' ಅನ್ನಬೇಕಿತ್ತು. ಈಗ ಅವರ ಕೋಡ್ ಒಳಗಿದೆ, ಅವರೂ ಖುಷಿ.

ಹಂತ 8: ರಿಲೀಸ್

ಡಿಟಿಪಿ ಅಂಗಡಿಯ ಆ ಫಿಕ್ಸ್ ಸೇರಿದ ಕೊನೆಯ ಆರ್‌ಸಿಗೂ 2.0.0ಕ್ಕೂ ಒಂದೇ ವ್ಯತ್ಯಾಸ, ಆವೃತ್ತಿ ಸಂಖ್ಯೆ. 'ಹೇಗೂ ಟ್ಯಾಗ್ ಮಾಡ್ತಿದೀವಿ, ಈ ಸ್ಪೆಲಿಂಗ್ ಒಂದು ಸರಿಮಾಡೋಣ' ಅನ್ನುವುದಕ್ಕೂ ಅವಕಾಶ ಕೊಡಲಿಲ್ಲ. ಪೈಪಿಐಯಲ್ಲಿ ಒಮ್ಮೆ ಬಳಸಿದ ಫೈಲ್ ಹೆಸರನ್ನು ಅಳಿಸಿದರೂ ಮತ್ತೆ ಬಳಸುವಂತಿಲ್ಲ. ಕೆಟ್ಟದ್ದು ಹೋದರೆ ಅದನ್ನು ಯಾಂಕ್ ಮಾಡಿ (ಹಿಂತೆಗೆದದ್ದು ಅಂತ ಗುರುತು ಹಾಕಿ) 2.0.1 ಬಿಡಬೇಕು, ಬೇರೆ ದಾರಿ ಇಲ್ಲ.

ಖರ್ಚು ಅಂತ ನೋಡಿದರೆ ಪ್ರಿಂಟ್‌ಔಟ್ ಮತ್ತು ಡಿಟಿಪಿ ಅಂಗಡಿಯಲ್ಲಿ ಕುಡಿದ ಕಾಫಿ. ಪಬ್ಲಿಕ್ ರೆಪೊಗೆ ಗಿಟ್‌ಹಬ್‌ನ ಮಾಮೂಲಿ ಸಿಐ ಮೆಷಿನ್‌ಗಳು ಉಚಿತ. ವಿಂಡೋಸ್‌ಗೆ ಎಕ್ಸಿಕ್ಯೂಟಬಲ್ ಕೊಡೋಣ ಅಂದುಕೊಂಡಿದ್ದೆವು. ಸೈನಿಂಗ್ ಸರ್ಟಿಫಿಕೇಟ್ ಇಲ್ಲದೆ ಕೊಟ್ಟರೆ ವಿಂಡೋಸ್ ಎಚ್ಚರಿಕೆ ತೋರಿಸುತ್ತದೆ, ಜನ ಹೆದರುತ್ತಾರೆ. ಸದ್ಯಕ್ಕೆ ಕೈಬಿಟ್ಟಿದ್ದೇವೆ.

ರಿಲೀಸ್ ಆದಮೇಲೆ ಮೇನ್‌ನಲ್ಲಿ ರಿವರ್ಟನ್ನು ರಿವರ್ಟ್ ಮಾಡಿ, ಕಾಣದ ಅಕ್ಷರ ತೆಗೆಯುವ ಆ ಕೋಡನ್ನು ಒಂದು ಆಯ್ಕೆಯಾಗಿ ವಾಪಸ್ ತಂದಿದ್ದೇವೆ. ಡೀಫಾಲ್ಟ್ ಆಗಿ ಆಫ್. ಹುಡುಕಾಟದ ಇಂಡೆಕ್ಸ್ ಮಾಡುವವರು ಆನ್ ಮಾಡಿಕೊಳ್ಳಬಹುದು. ಟೆಸ್ಟ್ ಫೈಲ್‌ನ ಮೊದಲೆರಡು ಪದ ರ‍್ಯಾಂಕ್, ರಾಜ್‌ಕುಮಾರ್. 2.0.1ಕ್ಕೆ ಸದ್ಯ ಒಂದೇ ಬಗ್ ಬಾಕಿ ಇದೆ. ಹಳೆಯ ಫಾಂಟ್‌ನ ಪಠ್ಯದ ಮಧ್ಯೆ ಇಂಗ್ಲಿಷ್ ಪದ ಬಂದರೆ ಅದನ್ನೂ ಕನ್ನಡ ಅಂತ ತಿಳಿದು ತಿರುಗಿಸುತ್ತದೆ. ಬರೀ ಟೆಕ್ಸ್ಟ್ ಫೈಲ್‌ನಲ್ಲಿ ಫಾಂಟ್ ಯಾವುದು ಅನ್ನುವ ಮಾಹಿತಿಯೇ ಇರುವುದಿಲ್ಲವಲ್ಲ, ಹಾಗಾಗಿ ಅದಕ್ಕೆ ಸರಿಯಾದ ಪರಿಹಾರ ಬಹುಶಃ ವರ್ಡ್ ಫೈಲ್‌ನ ಆ ಪ್ಯಾಚ್‌ನಿಂದಲೇ ಬರಬೇಕು.